ಲೇಸಿಲ್ಲದ ಬೂಟುಗಳು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ನಡೆದದ್ದು ಹಾಡುಹಗಲಲ್ಲಿ. ನಮ್ಮದು ಸೈನಿಕರ ಮನೆತನ. ಮುತ್ತಜ್ಜ, ಅಜ್ಜ, ಅಪ್ಪ, ಮೂವರ ಬೂಟುಗಳೂ ನಡುಮನೆಯ ಹಲಗೆಯ ಮೇಲಿವೆ. ಭಾನುವಾರ ಪಾಲಿಶ್ ಮಾಡುತ್ತೇವೆ, ಆದರೆ ಲೇಸು ಮಾತ್ರ ಹಾಕುವುದಿಲ್ಲ. ತೀರಿಕೊಂಡವರನ್ನು ಮತ್ತೆ ಕೆಲಸಕ್ಕೆ ಕರೆಯಬಾರದು ಎಂಬುದು ಮನೆಯ ಕಟ್ಟಳೆ.

ಅಕ್ಕ ಈಗ ಹಿಮ ಬೀಳುವ ಗಡಿಯಲ್ಲಿದ್ದಾಳೆ. ಆ ವಾರವೆಲ್ಲ ಅವಳ ಸುದ್ದಿಯೇ ಇರಲಿಲ್ಲ. ಕೈ ಸುಮ್ಮನಿರಲಾರದೆ ನಾನು ಮೂರು ಜೊತೆಗೂ ಹೊಸ ಲೇಸು ಪೋಣಿಸಿ, ಅಂಗಡಿಯಲ್ಲಿಡುವ ಹಾಗೆ ಸಡಿಲವಾಗಿ ಗಂಟು ಹಾಕಿಟ್ಟೆ.

"ಕೆಲಸ ಮುಗಿಸಿ ಮಲಗಿದೋರನ್ನ ಯಾಕೋ ಎಬ್ಬಿಸ್ತೀಯಾ?" ಎಂದು ಅಮ್ಮ ರೇಗಿದಳು. ಆದರೆ ಬಿಚ್ಚಲಿಲ್ಲ.

ಮಧ್ಯಾಹ್ನ ಊಟ ಮುಗಿಸಿ ಬಂದರೆ, ಅಂಥ ಸೆಖೆಯಲ್ಲೂ ನಡುಮನೆ ಕೊರೆಯುತ್ತಿತ್ತು. ಹಲಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬೂಟು ಮುಟ್ಟಿದೆ, ಹೊರಗೆ ಮಂಜುಗಡ್ಡೆ. ಒಳಗೆ ಕೈ ಹಾಕಿದೆ, ಈಗಷ್ಟೇ ಯಾರೋ ಕಾಲು ತೆಗೆದಂತೆ ಬೆಚ್ಚಗಿತ್ತು.

ಅಷ್ಟರಲ್ಲಿ ಅಮ್ಮನಿಗೆ ಫೋನ್ ಬಂತು. ಅಕ್ಕ!

"ದಾರಿ ತಪ್ಪಿದ್ವಿ ಅಮ್ಮ. ಮುಂದೆ ಯಾರದೋ ಹೆಜ್ಜೆಗುರುತು ಇತ್ತು, ಅದನ್ನೇ ಹಿಡ್ಕೊಂಡು ಈಗ ಕ್ಯಾಂಪಿಗೆ ಬಂದ್ವಿ. ಎಲ್ಲರೂ ಚೆನ್ನಾಗಿದೀವಿ."

ಹೋದ ಜೀವ ಬಂದಂತಾಯಿತು. ಅಮ್ಮ ಅಳುತ್ತ ನಗುತ್ತ ಹಲಗೆಯ ಮುಂದೆ ಕುಳಿತಳು. "ಸಾಕು, ಇನ್ನು ಮಲಗ್ಲಿ" ಎಂದು ಅಪ್ಪನ ಬೂಟನ್ನು ಮಡಿಲಿಗೆ ಎಳೆದುಕೊಂಡಳು. ನನ್ನ ಸಡಿಲ ಗಂಟು ಅಲ್ಲಿರಲಿಲ್ಲ. ಲೇಸು ಎರಡು ಸುತ್ತು ಬಂದು, ನಾನೆಂದೂ ಕಂಡಿರದ ಗಂಟಿನಲ್ಲಿ ಬಿಗಿದಿತ್ತು.

ಅಮ್ಮ ಅದನ್ನು ನೋಡಲೂ ಇಲ್ಲ. ಅಪ್ಪ ಇದ್ದಾಗ ದಿನವೂ ಬಿಚ್ಚಿ ರೂಢಿಯಾಗಿದ್ದ ಬೆರಳುಗಳು ತಾವೇ ಬಿಚ್ಚಿದವು.