ಬಾಳೆಲೆಯೊಳಗಿನ ಮಲ್ಲಿಗೆ

"ಮತ್ತೆ ತಂದಿರಾ?"

ಬಾಗಿಲಲ್ಲಿ ನಿಂತ ಗಂಡನನ್ನು ಗೆರ್ಟ್ರೂಡ್ ಕಣ್ಣೆತ್ತಿಯೂ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ. ಮಲ್ಲಿಗೆಯ ವಾಸನೆ ಅವನಿಗಿಂತ ಮೊದಲೇ ಒಳಗೆ ಬಂದಿತ್ತು.

ಇಸಿದೋರ್ ಕಿವಿ ಕೆಂಪು ಮಾಡಿಕೊಂಡು ಬಾಳೆಲೆಯ ಕಟ್ಟನ್ನು ದಿಂಬಿನ ಪಕ್ಕ ಇಟ್ಟು ಹೊರಗೆ ಹೋದ.

ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಅದು ೧೯೫೭. ಅವನು ಹೆಂಚಿನ ಕಾರ್ಖಾನೆಯ ಗುಮಾಸ್ತ, ಬಿಜೈಯಲ್ಲಿ ಬಾಡಿಗೆ ಮನೆ. ಹೆರಿಗೆಯಲ್ಲಿ ರಕ್ತ ನಿಲ್ಲದೆ, ಪಾದ್ರಿಗಳು ಬಂದು ಸಾಯುವವರಿಗೆ ಹಚ್ಚುವ ಕೊನೆಯ ಎಣ್ಣೆಯನ್ನೂ ಅವಳ ಹಣೆಗೆ ಹಚ್ಚಿ ಹೋಗಿದ್ದರು. ಆದರೂ ಅವಳು ಉಳಿದಳು. ಮಗು ಉಳಿಯಲಿಲ್ಲ.

ಎದೆಗೆ ಮಾತ್ರ ಅದು ಗೊತ್ತಾಗಲಿಲ್ಲ. ಹಾಲು ಬರುತ್ತಲೇ ಇತ್ತು. ರವಕೆ ನೆನೆದು, ಒಣಗಿ, ಹುಳಿ ಹುಳಿ ನಾತ... ತನ್ನ ಮೈ ತನಗೇ ಹೇಸಿಗೆ!

ನೋಡಲು ಬಂದವರೆಲ್ಲ ಕಾಫಿ ಕುಡಿದು, "ದೇವರು ದೊಡ್ಡವರು, ನೀನು ಉಳಿದೆಯಲ್ಲ" ಎನ್ನುತ್ತಿದ್ದರು. ಅವರು ಕುಡಿದಿಟ್ಟ ಲೋಟ ಕಂಡರೂ ಅವಳಿಗೆ ಓಕರಿಕೆ ಬರುತ್ತಿತ್ತು.

ನಾದಿನಿ ಗ್ಲ್ಯಾಡಿಸ್ ಅಂತೂ ನಕ್ಕೇಬಿಟ್ಟಿದ್ದಳು. "ಮದುವೆಯಾದ ಹೊಸತರಲ್ಲೂ ಅಣ್ಣ ಹೀಗೇ ಹೂ ತರ್ತಿದ್ದ ಅಲ್ವಾ ಅತ್ತಿಗೆ? ಮುಂದಿನ ಕ್ರಿಸ್‌ಮಸ್‌ಗೆ ತೊಟ್ಟಿಲು ತುಂಬ್ತದೆ ಬಿಡಿ."

ಹೌದು. ಆಗ ಅವನು ಹೂ ತಂದ ಸಂಜೆಗಳ ಅರ್ಥ ಅವಳಿಗೆ ಚೆನ್ನಾಗಿ ಗೊತ್ತಿತ್ತು.

'ಇನ್ನೊಂದು ಬಸಿರಾದರೆ ಈ ಜೀವ ಉಳಿಯುವುದಿಲ್ಲ ಅಂತ ಡಾಕ್ಟ್ರಮ್ಮ ಹೇಳಿದ್ದನ್ನು ಇವರೂ ಕೇಳಿದ್ದಾರೆ. ನನ್ನ ನಾತಕ್ಕೆ ಹೇಸಿ ಹೊರಗೆ ಚಾವಡಿಯಲ್ಲಿ ಮಲಗುತ್ತಾರೆ. ಆ ನಾತವನ್ನು ಹೂವಿನಲ್ಲಿ ಮುಚ್ಚಿ ಮತ್ತೆ ಹತ್ತಿರ ಬರಬೇಕಂತೆ... ಥೂ!'

ಹಿಂದಿನ ದಿನಗಳಂತೆಯೇ ಆ ಕಟ್ಟೂ ಕಿಟಕಿಯಿಂದ ಹೊರಗೆ ಬಿತ್ತು.

ಮರುದಿನ ಇಸಿದೋರ್ ಬಂದಾಗ ಹಾಸಿಗೆಯ ಪಕ್ಕ ಅವಳ ಟ್ರಂಕು ಸಿದ್ಧವಾಗಿತ್ತು.

"ಎಲ್ಲಿಗೆ?"

"ಬಜಪೆಗೆ. ಅಮ್ಮನ ಮನೆಗೆ. ಇನ್ನು ಬರುದಿಲ್ಲ."

ಅವನ ಕೈಯಲ್ಲಿದ್ದ ಕಟ್ಟನ್ನು ಕಿತ್ತು ಅವಳು ಅವನ ಎದೆಗೇ ಎಸೆದಳು. "ಎಂತ ಬೇಕು ನಿಮಗೆ? ನಾನು ಒಮ್ಮೆ ಸತ್ತದ್ದು ಸಾಕಾಗಲಿಲ್ವಾ?"

ಹೂ ನೆಲದ ತುಂಬ ಚೆಲ್ಲಿತು. ಅವನು ಗೋಡೆಯ ಕಡೆ ತಿರುಗಿ ನಿಂತ.

"ಅದು ತಲೆಗೆ ಮುಡಿಯಲಿಕ್ಕೆ ಅಲ್ಲ ಗೆರ್ಟಿ."

"ಮತ್ತೆ?"

"ಆಸ್ಪತ್ರೆಯ ನರ್ಸಮ್ಮ ತೆರೆಸಾ ಹೇಳಿದ್ದು... ಎದೆಗೆ ಕಟ್ಟಿಕೊಂಡರೆ ಹಾಲು ಬತ್ತುತ್ತದಂತೆ."

ಗೆರ್ಟ್ರೂಡ್ ಮಂಚದ ಮೇಲೆ ಕೂತಳು. "ಬಾಯಿ ಬಿಟ್ಟು ಹೇಳ್ಬಾರದಿತ್ತಾ?"

"ಹಾಲು ಅಂದ್ರೆ ನಿನಗೆ ಮಗು ನೆನಪಾಗ್ತದಲ್ಲ. ಆ ಮಾತು ನನ್ನ ಬಾಯಿಗೇ ಬರಲಿಲ್ಲ."

"ಮತ್ತೆ ಚಾವಡಿಯಲ್ಲಿ ಮಲಗುದು? ನನ್ನ ನಾತಕ್ಕೆ ಅಂತ ಎಣಿಸಿದ್ದೆ."

"ನೀನು ಹೆದರಬಾರದು ಅಂತ. ಕಡೇವರೆಗೂ ಅಲ್ಲಿಯೇ ಮಲಗ್ತೇನೆ. ನೀನು ಉಸಿರಾಡುದು ಅಲ್ಲಿಗೆ ಕೇಳ್ತದೆ, ನನಗೆ ಅಷ್ಟು ಸಾಕು."

ಗೆರ್ಟ್ರೂಡ್ ಮಂಚದಿಂದ ಇಳಿದಳು. ಆಮೇಲೆ ಅವಳು ಬಗ್ಗಿ ಹೂ ಹೆಕ್ಕಿದಳು. ಹಳೆಯ ಸೀರೆಯ ತುಂಡೊಂದರಲ್ಲಿ ಹೂವನ್ನು ಹರಡಿ ಎದೆಗೆ ಸುತ್ತಿಕೊಂಡಳು. ಬೆನ್ನ ಹಿಂದೆ ಕೈ ಎಟುಕಲಿಲ್ಲ.

"ಬನ್ನಿ. ಗಂಟು ಹಾಕಿ."

ಅವನು ಅವಳ ಬೆನ್ನ ಹಿಂದೆ ಬಂದು ಬಟ್ಟೆಯ ಎರಡೂ ತುದಿ ಹಿಡಿದ.

"ನಾತ ಉಂಟಲ್ವಾ?"

"ಉಂಟು." ಅವನು ಸುಳ್ಳು ಹೇಳಲಿಲ್ಲ.

"ಅಸಹ್ಯ ಆಗುದಿಲ್ವಾ?"

"ಆ ದಿನ ರಕ್ತ ಕಂಡು ಆಸ್ಪತ್ರೆಯ ವರಾಂಡದಲ್ಲಿ ವಾಂತಿ ಮಾಡಿದ್ದೆ. ಆಮೇಲೆ ನನ್ನ ಮೇಲೆಯೇ ಅಸಹ್ಯ ಆಯ್ತು, ನಿನ್ನನ್ನು ಆ ಸ್ಥಿತಿಗೆ ತಂದದ್ದು ನಾನೇ ಅಂತ. ಆದರೆ ಇದು ನಮ್ಮ ಮಗುವಿನ ಪಾಲಿನದ್ದಲ್ವಾ ಗೆರ್ಟಿ? ಇದಕ್ಕೆ ಹೇಗೆ ಹೇಸಲಿ?"

ಆಸ್ಪತ್ರೆಯಿಂದ ಬಂದ ಮೇಲೆ ಒಮ್ಮೆಯೂ ಅಳದವಳು ಈಗ ಬಿಕ್ಕಿ ಬಿಕ್ಕಿ ಅತ್ತಳು. ಅವನ ಹಣೆ ಅವಳ ಬೆನ್ನಿಗೆ ತಾಗಿತ್ತು. ಅವನೂ ಅಳುತ್ತಿದ್ದ.

"ಗಂಟು ತುಂಬ ಬಿಗಿಯಾಯ್ತಾ?" ಎಂದು ಕೇಳಿದ.

"ಇಲ್ಲ."

ಅವಳು ಕಣ್ಣೊರೆಸಿಕೊಂಡು ಟ್ರಂಕನ್ನು ಕಾಲಿನಿಂದ ಮಂಚದ ಅಡಿಗೆ ತಳ್ಳಿದಳು.

"ನಾಳೆಯೂ ತರ್ತೀರಲ್ಲ?"