ನಿದ್ದೆಯಲ್ಲೂ ಬ್ರೇಕ್ ತುಳಿಯುವವಳು

"ಅಯ್ಯಯ್ಯೋ! ಯಾರ್ರೀ ನೀವು?"

ಆ ಕೂಗಿಗೆ ಬೀದಿಯಾಚೆಯ ಪಾರಿವಾಳಗಳೆಲ್ಲ ಒಟ್ಟಿಗೆ ಹಾರಿದವು. ಪಕ್ಕದ ಕ್ಷೌರದಂಗಡಿಯಲ್ಲಿ ಒಬ್ಬರ ಅರ್ಧ ಮೀಸೆ ಹಾರಿತು. ಉತ್ಪ್ರೇಕ್ಷೆ ಅನ್ನಬೇಡಿ, ಆ ಮನುಷ್ಯ ಇವತ್ತಿಗೂ ಬೋಳು ತುಟಿಯಲ್ಲೇ ಓಡಾಡುತ್ತಿದ್ದಾನೆ.

ಕೂಗಿದವಳು ಏಳನೇ ನಂಬರ್ ಬಸ್ಸಿನ ಡ್ರೈವರಮ್ಮ. ಆಗಷ್ಟೇ ಕಣ್ಣು ಬಿಟ್ಟಿದ್ದಳು. ಅವಳ ಕಾಲ ದಿಕ್ಕಿನಲ್ಲಿ ಒಬ್ಬ ಗಂಡಸು ನಿಂತಿದ್ದ. ಕೈಯಲ್ಲಿ ಗೇಣುದ್ದದ ಸೂಜಿ. ಅವಳ ಕಣ್ಣಿಗೆ ಅದು ಕತ್ತಿಯಷ್ಟಿತ್ತು!

"ಸೂಜಿ ಕೆಳಗಿಡ್ರೀ! ಒಂದೇ ಕೂಗಿಗೆ ಅರವತ್ತು ಜನರನ್ನ ಬಸ್ಸಲ್ಲಿ ಹಿಂದಕ್ಕೆ ಸರಿಸಿದೋಳು ನಾನು!"

"ಗೊತ್ತಾಯ್ತು ಮೇಡಂ, ಕಿವಿ ಇನ್ನೂ ಗುಂಯ್ ಅಂತಿದೆ." ಅವನು ಸೂಜಿಯನ್ನು ಹಾಸಿಗೆಯ ಅಂಚಿಗೆ ಚುಚ್ಚಿಟ್ಟ. "ಆದ್ರೆ ಇದು ನನ್ನ ಅಂಗಡಿ. ನೀವು ಮಲಗಿರೋದು ನನ್ನ ಹಾಸಿಗೆ..." ನಾಲಿಗೆ ಕಚ್ಚಿಕೊಂಡ. "ಅಂದ್ರೆ, ಜನ ನೋಡ್ಲಿ ಅಂತ ಹಾಕಿರೋ ಹಾಸಿಗೆ."

ಡ್ರೈವರಮ್ಮ ಸುತ್ತ ನೋಡಿದಳು. ಮೂಲೆಯಲ್ಲಿ ಹತ್ತಿಯ ಮೂಟೆಗಳು. ಗೋಡೆಗೆ ಒರಗಿಸಿದ ಹಾಸಿಗೆಗಳು. ಬಾಗಿಲ ಮೇಲೆ 'ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ' ಎಂಬ ಬೋರ್ಡು. ಬೆಳಿಗ್ಗೆ ಹತ್ತಕ್ಕೆ ಹಾಸಿಗೆ ಮೆತ್ತಗಿದೆಯೇ ಎಂದು ಕೂತು ನೋಡಿದ್ದಷ್ಟೇ ನೆನಪು.

"ಈಗೆಷ್ಟು ಗಂಟೆ?"

"ಮೂರೂವರೆ."

ಐದೂವರೆ ಗಂಟೆ ನಿದ್ದೆ! ಅವಳ ಕಣ್ಣು ತುಂಬಿ ಬಂತು. ಅವನು ಗಾಬರಿಯಾದ.

"ಅಳ್ಬೇಡಿ ಮೇಡಂ! ವ್ಯಾಪಾರಕ್ಕೇನೂ ತೊಂದ್ರೆ ಆಗಿಲ್ಲ. ನಿಮ್ಮ ಗೊರಕೆ ಕೇಳಿ ಒಬ್ಬರು ಎರಡು ಹಾಸಿಗೆ ತಗೊಂಡು ಹೋದ್ರು!"

ಅಳುವ ನಡುವೆಯೇ ಅವಳಿಗೆ ನಗು ಬಂದುಬಿಟ್ಟಿತು. ಆ ನಗು ಕಂಡು ಹಾಸಿಗೆಯವನು ಸೂಜಿ ಎಲ್ಲಿಟ್ಟೆನೆಂಬುದನ್ನೇ ಮರೆತ. ಆಮೇಲೆ ಅದರ ಮೇಲೇ ಕೂತ. ಅದು ಬೇರೆ ಸಂಕಟ, ಬಿಡಿ.

ಅವಳು ಅತ್ತದ್ದಕ್ಕೆ ಕಾರಣವಿತ್ತು. ಮೂವತ್ತೇಳು ರಾತ್ರಿಗಳಿಂದ ಅವಳಿಗೆ ನಿದ್ದೆಯಿಲ್ಲ. ಆಕಳಿಸಿದರೆ ಅವಳ ಬಸ್ಸನ್ನು ಅವಳ ಬಾಯಲ್ಲೇ ನಿಲ್ಲಿಸಬಹುದಿತ್ತು! ಕಳೆದ ವಾರ ಸಿಗ್ನಲ್‌ನಲ್ಲಿ ಹಸಿರು ದೀಪ ಮೂರು ಸಲ ಬಂದು ಹೋದರೂ ಬಸ್ಸು ಅಲ್ಲಾಡಲಿಲ್ಲ. ಡ್ರೈವರಮ್ಮ ಕಣ್ತೆರೆದೇ ತೂಕಡಿಸಿದ್ದಳು.

ಡಿಪೋ ಮ್ಯಾನೇಜರು ಕರೆದು ಹೇಳಿದ್ದರು. "ನೋಡಮ್ಮ, ನೀನು ನಮ್ಮಲ್ಲೇ ಒಳ್ಳೇ ಡ್ರೈವರು. ಆದ್ರೆ ನಿದ್ದೆಗೆಟ್ಟವರ ಕೈಗೆ ನಾನು ಬಸ್ ಕೊಡಲ್ಲ. ಹದಿನೈದು ದಿನ ಟೈಮು. ಕಣ್ತುಂಬ ನಿದ್ದೆ ಮಾಡಿ ಬಾ, ನಾನೇ ಪಕ್ಕದಲ್ಲಿ ಕೂತು ಓಡಿಸಿ ನೋಡ್ತೀನಿ. ಆಗ್ಲಿಲ್ವಾ... ಸ್ಟೀರಿಂಗ್ ಮರೆತುಬಿಡು."

ಸ್ಟೀರಿಂಗ್ ಮರೆಯುವುದೇ! ತನ್ನ ಹೆಸರು ಮರೆಯೆಂದರೆ ಮರೆತಾಳು.

ಮನೆಯಲ್ಲಿ ಅಜ್ಜಿಯ ಚಿಕಿತ್ಸೆ ಶುರುವಾಗಿತ್ತು. ಬಿಸಿ ಹಾಲು, ಅಂಗಾಲಿಗೆ ಎಣ್ಣೆ, ಬೆಚ್ಚನೆ ನೀರಿನ ಸ್ನಾನ. ಮಧ್ಯಾಹ್ನದ ನಂತರ ಕಾಫಿ ಬಂದ್. ಗೋಡೆ ಗಡಿಯಾರ ಅಡುಗೆಮನೆಗೆ ವರ್ಗ. ಮೊಬೈಲು ಅಕ್ಕಿ ಡಬ್ಬಿಯೊಳಗೆ! ಸಾವಿರದಿಂದ ಹಿಂದಕ್ಕೆ ಎಣಿಸು ಅಂದಿದ್ದಳು ಅಜ್ಜಿ. ಮೊಮ್ಮಗಳು ಸೊನ್ನೆ ಮುಟ್ಟಿ ವಾಪಸ್ ಸಾವಿರಕ್ಕೆ ಬರುವಷ್ಟರಲ್ಲಿ ಅಜ್ಜಿ ಗೊರಕೆ ಹೊಡೆಯುತ್ತಿದ್ದಳು.

ಇಷ್ಟಾದರೂ ಬಾರದ ನಿದ್ದೆ ಈ ಅಂಗಡಿಯಲ್ಲಿ ಬಂತು. ಹಾಗಾದರೆ... ಗುಟ್ಟು ಹಾಸಿಗೆಯಲ್ಲೇ ಇರಬೇಕು!

"ನಂಗೆ ಇಂಥದ್ದೇ ಬೇಕು," ಎಂದಳು. "ಇದೇ ಹತ್ತಿ, ಇದೇ ಬಟ್ಟೆ, ಇದೇ ಹೊಲಿಗೆ. ಒಂದು ಎಳೆ ಆಚೀಚೆ ಆಗ್ಬಾರ್ದು."

"ಮೂರು ದಿನದಲ್ಲಿ ಕೊಡ್ತೀನಿ." ಅವನು ಅವಳ ಕಾಲ ಬಳಿ ಬಿದ್ದಿದ್ದ ದುಂಡು ದಿಂಬನ್ನು ಎತ್ತಿಕೊಂಡು ತಡವರಿಸಿದ. "ಮೇಡಂ, ಜೊತೆಗೆ ಈ ದಿಂಬೂ ತಗೊಂಡ್ರೆ..."

"ಅಲ್ಲಾ ರೀ, ಹಾಸಿಗೆ ಕೇಳಿದ್ರೆ ದಿಂಬು ಗಂಟು ಹಾಕ್ತೀರಾ? ಮಾರೋರ ಬುದ್ಧಿ ಎಲ್ಲಿಗೆ ಹೋಗತ್ತೆ!"

"ಸುಮ್ನೆ ಕೊಡ್ತೀನಿ. ಯಾಕಂದ್ರೆ ನೀವು ಮಲಗಿದ್ದಾಗ ನಿಮ್ಮ..."

"ಹಾಸಿಗೆ ಸಾಕು," ಎಂದು ಅವಳು ಹೊರಟೇಬಿಟ್ಟಳು. ಹೋಗುವಾಗ ಒಂದೇ ಒಂದು ಸಲ ತಿರುಗಿ ನೋಡಿದಳು. ಅವನ ತಲೆಗೂದಲಿನಲ್ಲಿ ಹತ್ತಿಯ ಎಳೆಯೊಂದು ಸಿಕ್ಕಿಕೊಂಡಿತ್ತು. ತೆಗೆಯಬೇಕು ಅನ್ನಿಸಿತು. ಥೂ, ನನಗೇನು ಬಂತು! ಎಂದುಕೊಂಡು ಸರಸರ ನಡೆದಳು.

ಮೂರು ದಿನಕ್ಕೆ ಸರಿಯಾಗಿ ಹಾಸಿಗೆ ಮನೆಗೆ ಬಂತು. ರಾತ್ರಿ ಡ್ರೈವರಮ್ಮ ಅದರ ಮೇಲೆ ಮಲಗಿ ಕಣ್ಮುಚ್ಚಿದಳು. ರೆಪ್ಪೆ ಭಾರವಾಯಿತು, ಉಸಿರು ಸಡಿಲವಾಯಿತು, ಇನ್ನೇನು...

ಧಡಕ್!

ಬಲಗಾಲು ಗಾಳಿಯನ್ನು ತುಳಿಯಿತು. ಎದೆ ಡವಡವ. ಕಣ್ಣು ಪೂರಾ ತೆರೆಯಿತು. ಮತ್ತೆ ಮಗ್ಗುಲಾದಳು, ಮತ್ತೆ ಧಡಕ್! ಎದ್ದು ನೀರು ಕುಡಿದಳು. ಕಿಟಕಿ ತೆರೆದಳು, ಮುಚ್ಚಿದಳು, ತೆರೆದಳು. ತಲೆದಿಂಬು ತಿರುಗಿಸಿದಳು. ತಲೆಯನ್ನು ಕಾಲಿನ ಕಡೆಗೆ, ಕಾಲನ್ನು ತಲೆಯ ಕಡೆಗೆ. ಆ ಒಂದು ರಾತ್ರಿ ಅವಳು ಹೊರಳಿದ ದೂರ ಅಳೆದರೆ ಏಳನೇ ನಂಬರ್ ಬಸ್ಸಿನ ಮೂರು ಟ್ರಿಪ್ಪಾದೀತು!

'ಅಲ್ಲಿ ಬಂದ ನಿದ್ದೆ ಇಲ್ಲಿ ಯಾಕೆ ಬರ್ತಿಲ್ಲ? ಹತ್ತಿ ಬದಲಾಯಿಸಿದ್ದಾನೆ... ಆ ಸಾಧು ಮುಖ ಇಟ್ಕೊಂಡು ಮೋಸ ಮಾಡಿದ್ದಾನೆ!'

ಹಾಸಿಗೆ ಮೋಸಕ್ಕಿಂತ ಆ ಮುಖದ ಮೋಸವೇ ಹೆಚ್ಚು ಚುಚ್ಚುತ್ತಿತ್ತು. ಯಾಕೆಂದು ಅವಳು ತನ್ನನ್ನೇ ಕೇಳಿಕೊಳ್ಳಲಿಲ್ಲ.

ಮರುದಿನ ಅಂಗಡಿ ಬಾಗಿಲಿಗೆ ಹೋಗಿ ನಿಂತಳು. ಒಳಗೆ ಗಿರಾಕಿಗಳಿದ್ದರು.

"ಅದೇ ಹತ್ತಿ ಅಂದ್ರಿ. ಎಲ್ರೀ ಅದೇ ಹತ್ತಿ?"

"ಅದೇ ಮೂಟೆಯದು ಮೇಡಂ. ನಿದ್ದೆ ಬರ್ಲಿಲ್ವಾ? ಅದಕ್ಕೇ ನಾನು ಅವತ್ತು ದಿಂಬು..."

"ಮತ್ತೆ ದಿಂಬು! ಮನುಷ್ಯರ ಸಂಕಟದಲ್ಲೂ ವ್ಯಾಪಾರ ಹುಡುಕ್ತೀರಲ್ಲ, ನೀವು ಮೋಸಗಾರರು! ಬೋರ್ಡು ಹಾಕ್ಕೊಂಡು ಕೂತಿದ್ದೀರಲ್ಲ ವಾಪಸ್ ಪಡೆಯಲ್ಲ ಅಂತ, ಈಗ ಗೊತ್ತಾಯ್ತು ಯಾಕೆ ಅಂತ!"

ಗಿರಾಕಿಗಳು ಮೆಲ್ಲಗೆ ಜಾಗ ಖಾಲಿ ಮಾಡಿದರು. ಹಾಸಿಗೆಯವನ ಮುಖ ಬಿಳಿಚಿತು. ಒಂದು ಮಾತೂ ಆಡಲಿಲ್ಲ. ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ಮೌನ ಅವಳ ಹಿಂದೆಯೇ ಮನೆವರೆಗೂ ಬಂತು, ಹಾಸಿಗೆಯಲ್ಲೂ ಪಕ್ಕದಲ್ಲೇ ಮಲಗಿತು.

ಒಂದೊಂದೇ ದಿನ ಜಾರಿತು. ಮ್ಯಾನೇಜರ ಪರೀಕ್ಷೆಗೆ ಉಳಿದದ್ದು ಎರಡೇ ದಿನ. ಡ್ರೈವರಮ್ಮ ಮಾನ ಮರ್ಯಾದೆ ಎಲ್ಲ ಬದಿಗಿಟ್ಟಳು. 'ಕ್ಷಮೆ ಕೇಳ್ತೀನಿ. ನೋಡೋಕೆ ಇಟ್ಟಿರೋ ಆ ಹಾಸಿಗೇನೇ ಕೊಡಿ ಅಂತೀನಿ. ಬೈದ್ರೆ ಬೈಸ್ಕೊಳ್ತೀನಿ...'

ಅಂಗಡಿಯಲ್ಲಿ ಅವನಿರಲಿಲ್ಲ. ಅವನ ತಾಯಿ ಹತ್ತಿ ಬಿಡಿಸುತ್ತ ಕೂತಿದ್ದರು. ಆ ಹಾಸಿಗೆ ಇತ್ತು. ಅದರ ಮೇಲೊಂದು ರಟ್ಟಿನ ಚೀಟಿ ತೂಗುತ್ತಿತ್ತು. 'ಮಾರಾಟವಾಗಿದೆ.'

"ಯಾ... ಯಾರಿಗಮ್ಮ ಇದು?"

"ಯಾರೋ ಹುಡುಗಿಗಂತೆ ತಾಯಿ. ಇದರ ಮೇಲೆ ಇನ್ಯಾರೂ ಕೂರೋ ಹಾಗಿಲ್ಲ, ಮುಟ್ಟೋ ಹಾಗಿಲ್ಲ. ಹೆತ್ತ ನಾನು ಒರಗಿದ್ರೂ ಎಬ್ಬಿಸ್ತಾನೆ! ಹತ್ತು ದಿನದಿಂದ ಅವನ ತಲೆ ನೆಟ್ಟಗಿಲ್ಲ. ಊಟ ಕೊಟ್ರೆ ನೀರಿನ ಲೋಟಕ್ಕೆ ಉಪ್ಪು ಹಾಕ್ಕೋತಾನೆ."

ಯಾರೋ ಹುಡುಗಿ!

ನಿದ್ದೆ ಹೋಯಿತು, ಬಸ್ಸು ಹೋಗುತ್ತಿದೆ, ಈಗ ಇದು... 'ಇದು ಅಂದ್ರೆ ಏನು? ನಂದೇನಿತ್ತು ಇಲ್ಲಿ?' ಎಂದು ತನ್ನನ್ನೇ ಗದರಿಕೊಂಡಳು. ಕಣ್ಣೀರು ಗದರಿಕೆಗೆ ಬಗ್ಗಲಿಲ್ಲ.

ಮನೆಗೆ ಬಂದು ಬಾಗಿಲು ತೆರೆದರೆ...

ಅಜ್ಜಿಯ ಮಂಚದ ಪಕ್ಕದ ಸ್ಟೂಲಿನಲ್ಲಿ ಹಾಸಿಗೆಯವನು! ತೊಡೆಯ ಮೇಲೆ ಆ ಹಾಳು ದುಂಡು ದಿಂಬು.

"ಬಾರೇ ಪುಟ್ಟಿ," ಅಜ್ಜಿ ಬಾಯಿ ತುಂಬ ನಕ್ಕಳು. "ಮಧ್ಯಾಹ್ನದಿಂದ ಕಾಯ್ತಿದ್ದಾನೆ ಪಾಪ. ನನ್ನ ಮಂಡಿ ನೋವಿನ ಕಥೆ ಎರಡು ಸಲ ಕೇಳಿದ. ಇಂಥ ಗಂಡು ಎಲ್ಲಿ ಸಿಗ್ತಾನೆ ಹೇಳು!"

"ಯಾಕೆ ಬಂದ್ರಿ?" ಡ್ರೈವರಮ್ಮ ಬಾಗಿಲಲ್ಲೇ ನಿಂತು ಕೇಳಿದಳು. "ಆ ಹುಡುಗಿಗೆ ಹಾಸಿಗೆ ತಲುಪಿಸೋದು ಬಿಟ್ಟು ಇಲ್ಲೇನು ಕೆಲ್ಸ?"

"ಯಾವ ಹುಡುಗಿ?"

"ಚೀಟಿ ನೋಡ್ದೆ. ಮಾರಾಟವಾಗಿದೆ ಅಂತ."

ಅವನ ಕಿವಿಯೆರಡೂ ಕೆಂಪಾದವು. "ಅದು... ನೀವು ಅವತ್ತು ಮಲಗಿ ಎದ್ದು ಹೋದ ಮೇಲೆ ನಾನೇ ಹಾಕಿದ್ದು. ಅದ್ರ ಮೇಲೆ ಬೇರೆಯವರು ಮಲಗೋದು ನಂಗೆ... ನೋಡೋಕಾಗ್ಲಿಲ್ಲ."

ಅಜ್ಜಿ ಕೆಮ್ಮಿದಳು. ಇಲ್ಲದ ಕೆಲಸವೊಂದನ್ನು ನೆನಪು ಮಾಡಿಕೊಂಡು ಅಡುಗೆಮನೆಗೆ ಹೋದಳು. ಮಂಡಿ ನೋವು ಆಗ ಎಲ್ಲಿತ್ತೋ, ಓಡಿದ್ದಂತೂ ನಿಜ.

"ಒಂದು ಮಾತು ಪೂರ್ತಿ ಹೇಳೋಕೆ ಬಿಡ್ತೀರಾ?" ಎಂದ ಅವನು. "ಎರಡು ಸಲ ಅರ್ಧಕ್ಕೇ ನಿಲ್ಲಿಸಿದ್ದೀರಿ."

ಅವಳು ತಲೆಯಾಡಿಸಿದಳು.

"ಅವತ್ತು ನೀವು ಕಣ್ಮುಚ್ಚಿದ ಗಳಿಗೇಲೇ ನಿಮ್ಮ ಬಲಗಾಲು ಧಡ್ ಅಂತ ಒದೀತು. ನನ್ನ ಸ್ಟೂಲು ಬಾಗಿಲಾಚೆ ಹೋಗಿ ಬಿತ್ತು. ಮತ್ತೆ ಒದೀತು, ನೀವು ಬೆಚ್ಚಿದ್ರಿ. ಮೂರನೇ ಸಲಕ್ಕೆ ನಂಗೆ ತಡೀಲಿಲ್ಲ. ನಿಮ್ಮನ್ನ ಮುಟ್ಟೋ ಹಾಗಿಲ್ವಲ್ಲ, ಅಳತೆ ಕೋಲಲ್ಲಿ ಈ ದಿಂಬನ್ನ ಪಾದದ ಹತ್ರ ತಳ್ಳಿದೆ. ಕಾಲು ಇದನ್ನ ಒತ್ತಿತು... ನಿಂತ್ಹೋಯ್ತು. ಆಮೇಲೆ ನೀವು ಅಲ್ಲಾಡ್ಲಿಲ್ಲ."

ಡ್ರೈವರಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ನಾನು ಹಾಸಿಗೆ ಹೊಲಿಯೋನು, ಬಸ್ಸಿನ ವಿಚಾರ ಗೊತ್ತಿಲ್ಲ," ಅವನು ಮೆಲ್ಲಗೆ ಕೇಳಿದ. "ಆದ್ರೂ ಅದು ಬ್ರೇಕ್ ಅಲ್ವಾ? ಯಾರನ್ನ ಉಳಿಸೋಕೆ ದಿನಾ ಹಾಗೆ ತುಳೀತೀರಿ?"

ಯಾರಿಗೂ ಹೇಳದ್ದು. ಅಜ್ಜಿಗೂ, ಮ್ಯಾನೇಜರಿಗೂ ಹೇಳದ್ದು. ಅವಳು ತನ್ನ ಹಾಸಿಗೆಯ ಅಂಚಿಗೆ ಬಂದು ಕೂತಳು.

"ಒಬ್ರು ತಾತ... ಕೊಡೆ ಹಿಡ್ಕೊಂಡು ಫುಟ್‌ಪಾತಿಂದ ಸೀದಾ ಇಳಿದುಬಿಟ್ರು. ನಾನು ತುಳಿದೆ. ಬಸ್ಸು ನಿಂತಾಗ ಅವರಿಗೂ ಬಸ್ಸಿಗೂ ಮಧ್ಯೆ ಒಂದು ಗೇಣು... ಒಂದೇ ಗೇಣು ರೀ! ಅವರು ನಂಗೆ ಕೈ ಮುಗಿದು ದಾಟಿ ಹೋದ್ರು. ಯಾರಿಗೂ ಏನೂ ಆಗ್ಲಿಲ್ಲ. ಆದ್ರೆ ಕಣ್ಮುಚ್ಚಿದ್ರೆ ಅವರು ಇಳೀತಾರೆ. ದಿನಾ ಇಳೀತಾರೆ. ನಾನು ತುಳಿದ್ರೆ ಕಾಲ ಕೆಳಗೆ ಏನೂ ಇರಲ್ಲ..."

"ಅವತ್ತು ಬಸ್ಸು ನಿಂತಿತು ತಾನೇ?"

"ನಿಂತಿತು."

"ಹಾಗಾದ್ರೆ ನಿಮ್ಮ ಕಾಲಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ." ಅವನು ದಿಂಬನ್ನು ಅವಳ ಹಾಸಿಗೆಯ ತುದಿಯಲ್ಲಿಟ್ಟ. "ಮಲಗಿ. ತುಳೀರಿ. ಕಾಲಿಗೆ ಹೇಳಿ, ನಿಂತಿದೆ ಅಂತ."

ಅವಳು ಮಲಗಿದಳು. ಸಂಜೆಯ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ತಾತ ಕೊಡೆ ಹಿಡಿದು ಇಳಿದರು. ಬಲಗಾಲು ತುಳಿಯಿತು. ಗಟ್ಟಿಯಾದ ಹತ್ತಿ ಪಾದವನ್ನು ತಡೆದು ಹಿಡಿಯಿತು.

"ನಿಂತಿದೆ..." ಎಂದಳು. ಕಣ್ಣಂಚಿನಿಂದ ಕಿವಿಯತ್ತ ನೀರು ಇಳಿಯಿತು. "ನಿಂತಿದೆ ರೀ."

"ಹ್ಞೂಂ. ನಿಂತಿದೆ."

"ಮೋಸಗಾರರು ಅಂದ್ಬಿಟ್ಟೆ..."

"ಎದ್ದ ಮೇಲೆ ಜಗಳ ಮುಂದುವರಿಸೋಣ."

ಅವಳು ಹದಿನಾರು ಗಂಟೆ ಮಲಗಿದಳು. ಅಜ್ಜಿ ಮೂರು ಸಲ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದಳು. ಪಕ್ಕದ ಮನೆಯಲ್ಲಿ ಪಾತ್ರೆ ಬಿತ್ತು, ಬೀದಿಯಲ್ಲಿ ಲಾರಿ ಹಾರನ್ ಹೊಡೆಯಿತು, ಅವಳು ಮಗ್ಗುಲೂ ಬದಲಿಸಲಿಲ್ಲ. ಮರುರಾತ್ರಿ ಕಾಲು ಒಂದೇ ಸಲ ಒದೆಯಿತು. ಅದೂ ಸೋಮಾರಿತನದಿಂದ.

ಪರೀಕ್ಷೆಯ ದಿನ ಮ್ಯಾನೇಜರು ಪಕ್ಕದಲ್ಲಿ ಕೂತರು. ಬಸ್ಸು ಎಷ್ಟು ನುಣ್ಣಗೆ ಓಡಿತೆಂದರೆ ಎರಡನೇ ತಿರುವಿಗೆ ಅವರೇ ತೂಕಡಿಸಿ ಕಿಟಕಿಗೆ ಹಣೆ ಬಡಿಸಿಕೊಂಡರು! "ಸಾಕು ಬಿಡಮ್ಮ, ನಾಳೆಯಿಂದ ಬಸ್ಸು ನಿಂದೇ," ಎಂದರು ಹಣೆ ಉಜ್ಜಿಕೊಳ್ಳುತ್ತ.

ಮರುದಿನ ಬೆಳಿಗ್ಗೆ ಏಳನೇ ನಂಬರ್ ಬಸ್ಸು ಹಾಸಿಗೆ ಅಂಗಡಿಯ ಸ್ಟಾಪಿಗೆ ಬಂತು. ಅಲ್ಲಿ ಒಬ್ಬನೇ ಪ್ರಯಾಣಿಕ. ಇಸ್ತ್ರಿ ಮಾಡಿದ ಅಂಗಿ, ಕೂದಲಲ್ಲಿ ಎಂದಿನಂತೆ ಹತ್ತಿ. ಅಂಗಿಯ ಗುಂಡಿಗೆ ರಟ್ಟಿನ ಚೀಟಿಯೊಂದು ತೂಗುತ್ತಿತ್ತು. 'ಮಾರಾಟವಾಗಿದೆ.'

ಬಸ್ಸು ಸುತ್ತಿ ಬಂದು ನಿಂತ ಅವನತ್ತ ಡ್ರೈವರಮ್ಮ ಕಿಟಕಿಯಿಂದ ಬಗ್ಗಿದಳು. ಎದೆ ಡವಡವ ಅಂದಿತು. ಈ ಸಲ ಕಾಲು ಸುಮ್ಮನಿತ್ತು.

"ಇದೇನ್ರೀ ವೇಷ?"

"ಮಾಲು ಇನ್ಮೇಲೆ ಯಾರಿಗೂ ಕೊಡೋ ಹಾಗಿಲ್ಲ. ಜನಕ್ಕೆ ಗೊತ್ತಾಗ್ಲಿ ಅಂತ."

"ಯಾರು ತಗೊಂಡಿದ್ದು?"

"ತಗೊಂಡೋರು ಇನ್ನೂ ಹ್ಞೂಂ ಅಂದಿಲ್ಲ." ಅವನು ಚೀಟಿಯನ್ನು ನೆಟ್ಟಗೆ ಮಾಡಿಕೊಂಡ. "ಬೇಡ ಅಂದ್ರೆ ಈಗಲೇ ಹೇಳಿಬಿಡಿ."

ಬಸ್ಸಿನೊಳಗೆ ಅರವತ್ತು ಜನ ಉಸಿರು ಬಿಗಿಹಿಡಿದರು. ಹಿಂದಿನ ಸೀಟಿನವರು ಮುಂದೆ ಬಂದರು, ಯಾರೂ ಕೂಗಿ ಸರಿಸಬೇಕಾಗಿ ಬರಲಿಲ್ಲ. ಡ್ರೈವರಮ್ಮ ಕೈ ಚಾಚಿ ಅವನ ಕೂದಲಲ್ಲಿದ್ದ ಹತ್ತಿಯ ಎಳೆಯನ್ನು ತೆಗೆದಳು. ಎಷ್ಟು ದಿನದ ಆಸೆ ಅದು!

"ಬೇಡ ಅನ್ನೋದು ಹೇಗೆ? ನಿಮ್ಮ ಬೋರ್ಡಲ್ಲೇ ಇದೆಯಲ್ಲ, ಮಾರಿದ ಮಾಲು ವಾಪಸ್ ಪಡೆಯಲ್ಲ ಅಂತ."

"ಅಂದ್ರೆ... ಹ್ಞೂಂ ಅಂತಲಾ?"

"ಬೇಗ ಬನ್ರೀ ಮೇಲೆ, ಬಸ್ಸು ಲೇಟಾಗ್ತಿದೆ!" ಎಂದು ಗದರಿದಳು. ಆಮೇಲೆ ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಸೇರಿಸಿದಳು. "ಹ್ಞೂಂ ಅಂತಲೇ."