ಕಲ್ಪನಾಳ ಕಂತುಗಳು

ಕುಮಟಾದ ದಿನಕರ ಹಳೇ ಕಂಪ್ಯೂಟರಿನೊಳಗೆ ಕಂಟೇನರ್ ಎಂಬ ಪ್ರತ್ಯೇಕ ಸಾಫ್ಟ್‌ವೇರ್ ಗೂಡು ಮಾಡಿ, ಟಿವಿ ಕಾರ್ಯಕ್ರಮ ತಾನಾಗಿ ರೆಕಾರ್ಡ್ ಮಾಡುವ ಸರ್ವರ್ ಕೂರಿಸಿದ್ದು ಹೆಂಡತಿ ಕಲ್ಪನಾಳ ಧಾರಾವಾಹಿಗಾಗಿ. ಕ್ಯಾನ್ಸರಿನಿಂದ ಬಳಲಿದ್ದ ಅವಳು ಮಧ್ಯಾಹ್ನ ಅರ್ಧ ಕಂತು ನೋಡುವಷ್ಟರಲ್ಲಿ ನಿದ್ದೆಹೋಗುತ್ತಿದ್ದಳು. ಅವಳು ತೀರಿಕೊಂಡ ಮೇಲೂ ರೆಕಾರ್ಡಿಂಗ್ ನಿಲ್ಲಿಸಲು ಅವನಿಗೆ ಮನಸ್ಸಾಗಲಿಲ್ಲ.

ಒಂದು ಸಂಜೆ ಅಂಗಡಿಯಿಂದ ಬಂದು, ಬೀಗ ತೆಗೆದು, ಟಿವಿಯಲ್ಲಿ ರೆಕಾರ್ಡಿಂಗ್ ಪಟ್ಟಿ ನೋಡಿದರೆ, ಹೊಸ ಕಂತುಗಳೆಲ್ಲ ಅರ್ಧರ್ಧ ನೋಡಿದ ಗುರುತಿತ್ತು. ಮುರ್ಡೇಶ್ವರದಲ್ಲಿದ್ದ ಮಗಳು ಧನ್ಯಾಗೆ ಫೋನ್ ಮಾಡಿದ.

"ಅಮ್ಮನ ಸೀರಿಯಲ್ ಅಲ್ಲಿಂದ್ಲೇ ಫೋನಲ್ಲಿ ನೀ ಎಂತಾದ್ರೂ ನೋಡಿದ್ಯಾ?"

"ಇಲ್ಲ ಅಪ್ಪ. ಅದನ್ನ ತೆಗ್ದ್ ಹಾಕು. ನಂಗೆ ತಡ್ಕಳ್ಳುಕೆ ಆಗುದಿಲ್ಲ."

"ಆತು," ಎಂದವನು ಕಂಟೇನರನ್ನೇ ಅಳಿಸಿ ಹೊಸದು ಮಾಡಿದ. ಪಾಸ್‌ವರ್ಡ್ ಬದಲಿಸಿದ. ರೆಕಾರ್ಡ್ ಆಗಬೇಕಾದವುಗಳಲ್ಲಿ ಧಾರಾವಾಹಿಯನ್ನು ಸೇರಿಸಲೇ ಇಲ್ಲ.

ಮರುದಿನ ಪಟ್ಟಿಯಲ್ಲಿ ಹಿಂದಿನ ರಾತ್ರಿಯ ಕಂತು ಇತ್ತು. ಅದನ್ನು ಇನ್ನೂ ಯಾರೂ ನೋಡಿರಲಿಲ್ಲ. ದಿನಕರ ಸೋಫಾದ ಒಂದು ಬದಿಗೆ ಸರಿದು ಕೂತು ಟಿವಿ ಹಚ್ಚಿದ.